ಎ.ಸಿ. ಕೊಳ್ಳುವ ಮುಂಚೆ ಒಮ್ಮೆ ಮಾಳಿಗೆ ಹತ್ತಿ

ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ ಕಡೆಯ ಆರ್‌ಸಿಸಿ ಮನೆಗಳಲ್ಲಿ ಬೇಸಿಗೆಯ ದೊಡ್ಡ ಕಷ್ಟ ಇರುವುದು ರಾತ್ರಿ. ಮಧ್ಯಾಹ್ನ ಎರಡಕ್ಕೆ ಹೊರಗೆ 42 ಡಿಗ್ರಿ ಇದ್ದರೂ ಒಳಗೆ ಹೇಗೋ ಕೂತಿರಬಹುದು. ರಾತ್ರಿ ಎಂಟಕ್ಕೆ ಹೊರಗಿನ ಗಾಳಿ ತಣ್ಣಗಾಗುತ್ತ ಬಂದಿರುತ್ತದೆ, ಒಳಗೆ ಮಾತ್ರ ಫ್ಯಾನಿನ ಕೆಳಗೆ ಕೂತರೂ ಬೆವರು ಆರುವುದಿಲ್ಲ. ಕಾರಣ ತಲೆಯ ಮೇಲೇ ಇದೆ. ಐದು ಇಂಚಿನ ಸ್ಲ್ಯಾಬ್ ಬಿಸಿಲು ಕುಡಿದು ಅದನ್ನು ಕೆಳಗಿಳಿಸಲು ಮೂರು-ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಹೊರಗಿನ ಬಿಸಿಲು ಇಳಿಯುವ ಹೊತ್ತಿಗೆ ಛತ್ತಿನ ಅಡಿಭಾಗ ಕಾವಲಿಯಾಗಿರುತ್ತದೆ. ಫ್ಯಾನ್ ಮಾಡುವುದು ಆ ಕಾವಲಿಗೆ ತಾಗಿದ ಗಾಳಿಯನ್ನು ನಿಮ್ಮ ಮೇಲೆ ನೂಕುವ ಕೆಲಸ, ಅಷ್ಟೇ.

ನಂಬಿಕೆ ಬರದಿದ್ದರೆ ಸಂಜೆ ಆರಕ್ಕೆ ಸ್ಟೂಲ್ ಮೇಲೆ ನಿಂತು ಒಂದು ಅಂಗೈ ಛತ್ತಿಗೆ, ಇನ್ನೊಂದು ಒಳಗಿನ ಅಡ್ಡಗೋಡೆಗೆ ಹಚ್ಚಿ ನೋಡಿ.

ಹಳೆಯ ಮೇಲ್ಮುದ್ದೆ ಮನೆಗಳಲ್ಲಿ ಈ ಪಾಡು ಇರಲಿಲ್ಲ. ದಪ್ಪ ಮಣ್ಣು ಬಿಸಿಯನ್ನು ಕೆಳಗಿಳಿಸುವಷ್ಟರಲ್ಲಿ ಹೊತ್ತು ಮುಳುಗಿ ರಾತ್ರಿಯ ತಂಪು ಶುರುವಾಗಿರುತ್ತಿತ್ತು, ಬೆಳಕಿಂಡಿಯಿಂದ ಬಿಸಿ ಗಾಳಿ ಮೇಲೆ ಹೋಗುತ್ತಿತ್ತು. ಅದನ್ನು ಕೆಡವಿ ಸ್ಲ್ಯಾಬ್ ಹಾಕಿದ್ದಾಯಿತು. ಈಗ ಆ ಸ್ಲ್ಯಾಬನ್ನೇ ಸುಧಾರಿಸಬೇಕು.

ಲೆಕ್ಕ ಹೀಗಿದೆ. ಸಾವಿರ ಚದರಡಿ ಮಾಳಿಗೆ ಎಂದರೆ 93 ಚದರ ಮೀಟರ್. ಏಪ್ರಿಲ್-ಮೇ ತಿಂಗಳ ನಡುಹಗಲಿನಲ್ಲಿ ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್ ಬಿಸಿಲು ಬೀಳುತ್ತದೆ, ಅಂದರೆ ಒಟ್ಟು 93 ಕಿಲೋವ್ಯಾಟ್. ಮಾಸಲು ಸಿಮೆಂಟ್ ಅದರಲ್ಲಿ ಮುಕ್ಕಾಲು ಪಾಲನ್ನು ಹೀರುತ್ತದೆ. ಹೊಸ ಸುಣ್ಣ ಬಳಿದ ಮಾಳಿಗೆ ಹೀರುವುದು ಕಾಲು ಪಾಲು. ಹೀರಿದ್ದೆಲ್ಲ ಒಳಗೆ ಬರುವುದಿಲ್ಲ, ಬಹಳಷ್ಟು ಗಾಳಿಗೂ ಆಕಾಶಕ್ಕೂ ಹೋಗುತ್ತದೆ, ನಿಜ. ಆದರೂ ಒಂದೂವರೆ ಟನ್ ಎ.ಸಿ. ಹೊರಗೆ ಹಾಕುವ ಶಾಖ 5 ಕಿಲೋವ್ಯಾಟ್ ಆಸುಪಾಸು ಎಂಬುದನ್ನು ನೆನಪಿಟ್ಟುಕೊಂಡರೆ ಮೊದಲು ದುಡ್ಡು ಎಲ್ಲಿ ಹಾಕಬೇಕು ಎಂದು ಬೇರೆ ಹೇಳಬೇಕಿಲ್ಲ. ದೊಡ್ಡ ವಾಣಿಜ್ಯ ಕಟ್ಟಡಗಳಿಗೆಂದು 2017ರಲ್ಲಿ ಬಂದ ಇಂಧನ ಸಂಹಿತೆ ಕೂಡ ಚಪ್ಪಟೆ ಮಾಳಿಗೆ ಬಿಸಿಲಿನ ಶೇ 60ನ್ನಾದರೂ ತಿರುಗಿಸಬೇಕು ಎಂದಿತ್ತು. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಕೂಲ್ ರೂಫ್ ನೀತಿ ತಂದಿತು.

ಸುಣ್ಣ: ಅಗ್ಗದ ಕೆಲಸ, ಆದರೆ ಅವಸರ ಸಲ್ಲ

ಸುಣ್ಣ ಬಳಿಯಲು ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ ಸರಿಯಾದ ಕಾಲ. ಮಳೆಗಾಲದ ಪಾಚಿ ಒಣಗಿ ಕಪ್ಪಗೆ ಅಂಟಿಕೊಂಡಿರುತ್ತದೆ. ಅದನ್ನು ತಂತಿ ಬ್ರಷ್‌ನಿಂದ ಕೆರೆದು, ಗುಡಿಸಿ, ನೀರು ಹಾಕಿ ತೊಳೆಯಿರಿ. ಬಿರುಕುಗಳಿದ್ದರೆ ಮೊದಲು ಅವನ್ನು ತುಂಬಿ. ಸುಣ್ಣ ಸೋರಿಕೆ ನಿಲ್ಲಿಸುವುದಿಲ್ಲ, ಬಿರುಕನ್ನು ಕಾಣದಂತೆ ಮುಚ್ಚಿಬಿಡುತ್ತದೆ. ಜೂನ್‌ನಲ್ಲಿ ಛತ್ತು ತೊಟ್ಟಿಕ್ಕಿದಾಗಲೇ ಅದು ಗೊತ್ತಾಗುವುದು.

ಒರಟಾಗಿರುವ ಸಿಮೆಂಟ್ ಮಾಳಿಗೆ ಒಂದು ಕೈಗೆ ಚದರ ಮೀಟರಿಗೆ 400 ಮಿ.ಲೀ. ಆಸುಪಾಸು ಕುಡಿಯುತ್ತದೆ. ಮೂರು ಕೈ ಹೊಡೆಯಲು ಸಾವಿರ ಚದರಡಿಗೆ ಸುಮಾರು 110 ಲೀಟರ್ ಸುಣ್ಣದ ನೀರು ಬೇಕು. ಲೋಕೋಪಯೋಗಿ ಕೆಲಸದವರ ಹಳೆಯ ಅಳತೆ ಒಂದು ಕೆ.ಜಿ. ಸುಟ್ಟ ಸುಣ್ಣದ ಕಲ್ಲಿಗೆ ಐದು ಲೀಟರ್ ನೀರು. ಹಾಗಾಗಿ 22 ಕೆ.ಜಿ. ಕಲ್ಲುಸುಣ್ಣ ತನ್ನಿ. ಅರಳಿಸಲು ಕಬ್ಬಿಣದ ಡ್ರಮ್ಮೇ ಬೇಕು. ಸುಣ್ಣ ಅರಳುವಾಗ ನೀರು ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗಿ ಸೀಳುತ್ತದೆ. ಮೊದಲು ನೀರು ಹಾಕಿ, ಅದಕ್ಕೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಇಳಿಬಿಡಿ. ಕನ್ನಡಕ ಹಾಕದೆ ಹತ್ತಿರ ಬಗ್ಗಬೇಡಿ. ಕಣ್ಣಿಗೆ ಸಿಡಿದ ಸುಣ್ಣ ಆಟದ ಮಾತಲ್ಲ: ಸಿಡಿದರೆ ಹದಿನೈದು-ಇಪ್ಪತ್ತು ನಿಮಿಷ ಬಿಡದೆ ನೀರು ಹಾಕುತ್ತ ಇದ್ದು ನಂತರ ಆಸ್ಪತ್ರೆಗೆ ಹೋಗಬೇಕು. ಮಕ್ಕಳನ್ನು ಅಂದು ಮೇಲೆ ಬಿಡಲೇಬೇಡಿ.

ಅರಳಿದ್ದನ್ನು 24 ಗಂಟೆ ಹಾಗೇ ಬಿಟ್ಟು, ಮರುದಿನ ಒರಟು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಅರಳದ ಹರಳುಗಳು ಮಾಳಿಗೆ ಮೇಲೆ ಕೂತು ನಿಧಾನಕ್ಕೆ ಅರಳಿ ಚಿಪ್ಪು ಚಿಪ್ಪಾಗಿ ಏಳುತ್ತವೆ. ಅಂಟು ಹತ್ತು ಲೀಟರಿಗೆ 40 ಗ್ರಾಂ, ಒಟ್ಟು 450 ಗ್ರಾಂ. ಜಾಲಿ ಅಂಟಾದರೂ ಆದೀತು, ಅಂಗಡಿಯ ಗೋಂದಾದರೂ ಆದೀತು, ಬಿಸಿನೀರಿನಲ್ಲಿ ಕರಗಿಸಿ ಹಾಕಿ. ಈಗ ಬಹಳ ಜನ ಅಂಟಿನ ಬದಲು ಫೆವಿಕಾಲ್ ಡಿಡಿಎಲ್ ಹಾಕುತ್ತಾರೆ. ಅದೂ ನಡೆಯುತ್ತದೆ, ಅಳತೆ ಡಬ್ಬಿಯ ಮೇಲಿದೆ. ಗೋಡೆಗೆ ಹಾಕುವಂತೆ ನೀಲಿ ಮಾತ್ರ ಬೆರೆಸಬೇಡಿ. ನೀಲಿಯಿಂದ ಸುಣ್ಣ ಕಣ್ಣಿಗೆ ಇನ್ನಷ್ಟು ಬೆಳ್ಳಗೆ ಕಾಣುತ್ತದೆ, ಆದರೆ ಬೆಳಕನ್ನು ಹೀರುತ್ತದೆ. ಮಾಳಿಗೆಗೆ ಬೇಕಿರುವುದು ತಿರುಗಿಸುವ ಗುಣ.

ಹೊಡೆಯುವುದು ಸಂಜೆ ಐದರ ಮೇಲೆ. ಮೊದಲು ಮಾಳಿಗೆಗೆ ನೀರು ಚಿಮುಕಿಸಿ, ನೀರು ನಿಲ್ಲದೆ ತೇವ ಮಾತ್ರ ಇರಲಿ. ಎಲ್ಲರೂ ತಪ್ಪುವುದು ಇಲ್ಲೇ. ಬೆಳಿಗ್ಗೆ ಹತ್ತಕ್ಕೆ ಕಾದ ಸ್ಲ್ಯಾಬ್ ಮೇಲೆ ಬಳಿದರೆ ಎರಡು ನಿಮಿಷದಲ್ಲಿ ಒಣಗುತ್ತದೆ, ನೋಡಲು ಚೆಂದವೇ ಇರುತ್ತದೆ. ಆದರೆ ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಅದಕ್ಕೆ ತೇವ ಇರಬೇಕು. ತೇವ ಹಾರಿಹೋದರೆ ಉಳಿಯುವುದು ಬರೀ ಪುಡಿ. ವಾರದಲ್ಲಿ ಅಂಗಾಲಿಗೆಲ್ಲ ಮೆತ್ತಿಕೊಂಡು ಮನೆಯೊಳಗೆ ಬರುತ್ತದೆ. ಒಂದು ಕೈ ಉದ್ದಕ್ಕೆ, ಮರುದಿನ ಸಂಜೆ ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ. ಪ್ರತಿ ಕೈ ತೆಳ್ಳಗೆ, ಹಾಲಿನಷ್ಟು ನೀರಾಗಿರಲಿ. ದಪ್ಪಗೆ ಬಳಿದದ್ದು ಹೊಪ್ಪಳೆಯಾಗಿ ಏಳುತ್ತದೆ.

ಇಷ್ಟು ಮಾಡಿದ ಸುಣ್ಣ ಒಂದು ಬೇಸಿಗೆ ಬಾಳುತ್ತದೆ. ಮಳೆಗಾಲದಲ್ಲಿ ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಹೊಡೆಯಬೇಕು. ಮಳೆನೀರು ಕೊಯ್ಲು ಇದ್ದವರು ಮೊದಲ ಎರಡು-ಮೂರು ಮಳೆಯ ನೀರನ್ನು ತೊಟ್ಟಿಗೆ ಬಿಡದೆ ಹೊರಗೆ ಹರಿಸಿ. ಬೇಸಿಗೆಯ ಮಧ್ಯೆ ಧೂಳು ಕೂತು ಮಾಳಿಗೆ ಕಂದುಬಣ್ಣಕ್ಕೆ ತಿರುಗಿದರೆ ಹದಿನೈದು ದಿನಕ್ಕೊಮ್ಮೆ ಮೆತ್ತನೆ ಪೊರಕೆಯಲ್ಲಿ ಗುಡಿಸಿದರೂ ಸಾಕು.

ವರ್ಷವರ್ಷ ಈ ಗೋಜು ಬೇಡ ಎನ್ನುವವರಿಗೆ ಬಿಳಿ ಎಲಾಸ್ಟೊಮೆರಿಕ್ (ರಬ್ಬರಿನಂತೆ ಹಿಗ್ಗುವ) ಬಣ್ಣವಿದೆ, ಸೋರಿಕೆ ತಡೆಯೂ ಅದರಲ್ಲೇ ಬರುತ್ತದೆ. ದುಬಾರಿ, ಆದರೆ ಸರಿಯಾಗಿ ಹಚ್ಚಿದರೆ ಕೆಲವು ವರ್ಷ ನೋಡಬೇಕಿಲ್ಲ. ಅದರ ನಿಯಮ ಸುಣ್ಣಕ್ಕೆ ಪೂರ್ತಿ ತಿರುವುಮುರುವು: ಸ್ಲ್ಯಾಬ್ ಪೂರ್ತಿ ಒಣಗಿರಬೇಕು. ಒಳಗೆ ತೇವ ಉಳಿದಿದ್ದರೆ ಬಿಸಿಲಿಗೆ ಅದು ಆವಿಯಾಗಿ ಬಣ್ಣವನ್ನು ಹಪ್ಪಳದಂತೆ ಉಬ್ಬಿಸುತ್ತದೆ. ಹಿಂದಿನ ರಾತ್ರಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ಟೇಪ್ ಹಾಕಿ ಅಂಟಿಸಿಡಿ. ಬೆಳಿಗ್ಗೆ ಅಡಿಯಲ್ಲಿ ನೀರಹನಿ ಕಂಡರೆ ಇನ್ನೊಂದು ವಾರ ಕಾಯಿರಿ. ಬೆಳ್ಳಿಯ ಹೊಳಪಿನ ಅಲ್ಯೂಮಿನಿಯಂ ಪೇಂಟ್ ಬೇಡ. ಅದು ಬಿಸಿಲನ್ನು ತಿರುಗಿಸುತ್ತದೆ, ಸರಿ, ಆದರೆ ಒಮ್ಮೆ ಹೀರಿದ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುವುದಿಲ್ಲ. ಬಿಳಿ ಬಣ್ಣ ಎರಡನ್ನೂ ಮಾಡುತ್ತದೆ.

ಮಾಳಿಗೆ ಮೇಲೆ ಭಾರ ಹೇರುವ ಮುಂಚೆ

ಇಟ್ಟಿಗೆ ಚೂರಿನ ಕೋಬಾ ಹಾಕಿಸಿ, ಮಡಕೆ ಬೋರಲು ಹಾಕಿಸಿ, ಮಣ್ಣು ತುಂಬಿ ಗಿಡ ಬೆಳೆಸಿ ಎಂಬ ಸಲಹೆಗಳು ಬೇಕಾದಷ್ಟು ಸಿಗುತ್ತವೆ. ತಂಪಿನ ಮಟ್ಟಿಗೆ ಎಲ್ಲವೂ ಒಳ್ಳೆಯವೇ. ಆದರೆ ಓಡಾಡುವ ಮಾಳಿಗೆಯ ವಿನ್ಯಾಸದಲ್ಲಿ ಜನ, ಸಾಮಾನು ಎಂದು ಹಿಡಿಯುವ ಭಾರ ಚದರ ಮೀಟರಿಗೆ 150 ಕೆ.ಜಿ. ಆಸುಪಾಸು. ನಾಲ್ಕು ಇಂಚಿನ ಕೋಬಾ ಒಂದೇ ಅದನ್ನು ದಾಟುತ್ತದೆ. ನೆಂದ ಮಣ್ಣು ಆರು ಇಂಚಿದ್ದರಂತೂ ಇನ್ನೂ ಜಾಸ್ತಿ. ಮನೆ ಕಟ್ಟುವಾಗಲೇ ಎಂಜಿನಿಯರ್ ಲೆಕ್ಕ ಹಾಕಿದ್ದರೆ ಸರಿ, ಹಳೆಯ ಸ್ಲ್ಯಾಬ್ ಮೇಲೆ ಕೇಳದೆ ಹೇರಬೇಡಿ. ಕಬ್ಬಿಣ ತುಕ್ಕು ಹಿಡಿದು ಛತ್ತಿನ ಗಿಲಾವು ಉದುರುತ್ತಿರುವ ಮನೆಗಳಿಗಂತೂ ಬಣ್ಣ, ನೆರಳು ಎರಡೇ ಗತಿ.

ನೆರಳಿಗೆ ಶೇ 75ರ ಶೇಡ್‌ನೆಟ್ ಸಾಕು, ನರ್ಸರಿಗೆ ಕಟ್ಟುವ ಅದೇ ಬಲೆ. ಅದನ್ನು ಮಾಳಿಗೆ ಮೇಲೆ ಹಾಸಿದರೆ ಬಲೆಯ ಬಿಸಿ ಸ್ಲ್ಯಾಬಿಗೇ ಇಳಿಯುತ್ತದೆ. ಏಳಡಿ ಎತ್ತರಕ್ಕೆ, ಕೆಳಗೆ ಗಾಳಿ ಓಡುವಂತೆ ಕಟ್ಟಬೇಕು. ಮೇ ತಿಂಗಳ ಗುಡುಗು-ಗಾಳಿ ಬಂದಾಗ ಬಲೆ ಹಾಯಿಯಾಗಿ ಕಂಬಗಳನ್ನೇ ಕಿತ್ತೊಯ್ಯುತ್ತದೆ. ಅದಕ್ಕೇ ಎರಡು ಬದಿ ಗಟ್ಟಿಯಾಗಿ ಕಟ್ಟಿ, ಇನ್ನೆರಡು ಬದಿಗೆ ಸುಲಭಕ್ಕೆ ಬಿಚ್ಚುವ ಅಥವಾ ಹರಿದುಹೋಗುವ ಸುತಳಿ ಹಾಕಿ. ಹೋದರೆ ಸುತಳಿ ಹೋಗಲಿ, ಪ್ಯಾರಾಪೆಟ್ ಗೋಡೆ ಉಳಿಯಲಿ.

ಸಂಜೆ ಮಾಳಿಗೆಗೆ ನೀರು ಹಾಕುವ ರೂಢಿ ನಮ್ಮಲ್ಲಿದೆ. ಅದೇನೂ ಮೂಢನಂಬಿಕೆಯಲ್ಲ. ಕರೆಂಟ್ ಬಿಲ್ಲಿನ ಯೂನಿಟ್ ಲೆಕ್ಕದಲ್ಲೇ ಹೇಳುವುದಾದರೆ, ಒಂದು ಲೀಟರ್ ನೀರು ಆವಿಯಾಗಲು 0.67 ಯೂನಿಟ್‌ನಷ್ಟು ಶಾಖ ಬೇಕು. ಸಾವಿರ ಚದರಡಿಯ ಐದು ಇಂಚಿನ ಸ್ಲ್ಯಾಬನ್ನು ಒಂದು ಡಿಗ್ರಿ ಇಳಿಸಲು ಸುಮಾರು 7 ಯೂನಿಟ್ ಶಾಖ ತೆಗೆಯಬೇಕು. ಮಾಳಿಗೆಯಿಡೀ ಒಂದು ಮಿಲಿಮೀಟರ್ ನೀರು, ಅಂದರೆ 93 ಲೀಟರ್, ಪೂರ್ತಿ ಆವಿಯಾದರೆ 62 ಯೂನಿಟ್. ಅದರಲ್ಲಿ ಅರ್ಧ ಶಾಖ ಗಾಳಿಯಿಂದಲೇ ಬಂತು ಎಂದುಕೊಂಡರೂ ಸ್ಲ್ಯಾಬ್ ನಾಲ್ಕು ಡಿಗ್ರಿ ಇಳಿಯುತ್ತದೆ. ಹಾಗಂತ ಪೈಪ್ ಹಿಡಿದು ಐನೂರು ಲೀಟರ್ ಸುರಿದರೆ ಹೆಚ್ಚಿನ ತಂಪೇನೂ ಇಲ್ಲ, ಹರಿದುಹೋದ ನೀರಿನಿಂದ ಸಿಗುವುದು ಅಲ್ಪ. ತೆಳ್ಳಗೆ, ಎರಡು ಸಲ, ಅರ್ಧ ಗಂಟೆ ಬಿಟ್ಟು ಹಾಕಿ. ಅದೂ ಹೊತ್ತು ಮುಳುಗಿದ ಮೇಲೆ. ಮಧ್ಯಾಹ್ನ ಕಾದ ಸ್ಲ್ಯಾಬಿಗೆ ಒಮ್ಮೆಲೇ ತಣ್ಣೀರು ಬಿದ್ದರೆ ಮೇಲ್ಪದರ ಕುಗ್ಗಿ ಕೂದಲೆಳೆ ಬಿರುಕು ಬಿಡಬಹುದು. ಕುಡಿಯುವ ನೀರಿಗೇ ತತ್ವಾರ ಇರುವ ಓಣಿಯಲ್ಲಿ ಈ ಮಾತೇ ಬೇಡ, ಸುಣ್ಣಕ್ಕೆ ನಿಲ್ಲಿಸಿ.

ಪತ್ರಾಸಿನ ಮನೆಗಳ ಕಥೆ ಬೇರೆ. ತಗಡಿಗೆ ತಡ ಎಂಬುದೇ ಇಲ್ಲ, ಬಿಸಿಲು ಬಿದ್ದ ಕ್ಷಣದಿಂದ ಕೆಳಗಿದ್ದವರ ತಲೆ ಕಾಯುತ್ತದೆ. ಮೇಲೆ ತಗಡಿಗೆ ಹಿಡಿಯುವ ಬಿಳಿ ಬಣ್ಣ, ಕೆಳಗೆ ಆರು ಇಂಚು ಅಂತರ ಬಿಟ್ಟು ಬಿದಿರಿನ ತಟ್ಟಿ ಅಥವಾ ಈಚಲು ಚಾಪೆ. ಆ ಅಂತರದ ಎರಡೂ ತುದಿ ತೆರೆದಿರಲಿ, ಮುಚ್ಚಿದರೆ ಬಿಸಿ ಗಾಳಿ ಅಲ್ಲೇ ಕೂತು ಚಾಪೆಯೂ ಕಾಯುತ್ತದೆ. ಥರ್ಮೋಕೋಲ್ ಅಂಟಿಸುವವರಿದ್ದಾರೆ. ಒಲೆ ಇರುವ ಕಡೆ ಅದು ಬೆಂಕಿಗೆ ದಾರಿ.

ಕಿಟಕಿ ಮುಚ್ಚುವ ಹೊತ್ತು, ತೆರೆಯುವ ಹೊತ್ತು

ಛತ್ತಿನ ನಂತರ ಪಶ್ಚಿಮದ ಗೋಡೆ. ದಕ್ಷಿಣದ ಗೋಡೆಗೆ ಮೇ ತಿಂಗಳಲ್ಲಿ ಹೆದರಬೇಕಿಲ್ಲ. ಕಲಬುರಗಿಯಲ್ಲಿ ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಕಾಡುವುದು ಮೂರರಿಂದ ಆರರವರೆಗಿನ ಓರೆ ಬಿಸಿಲು. ಅದಕ್ಕೆ ಕಿಟಕಿಯ ಮೇಲಿನ ಸಜ್ಜಾ ಪ್ರಯೋಜನಕ್ಕಿಲ್ಲ, ಬಿಸಿಲು ಅದರ ಕೆಳಗಿಂದಲೇ ನುಗ್ಗುತ್ತದೆ. ಪರದೆಯನ್ನು ಒಳಗೆ ಕಟ್ಟಿದರೆ ಬಿಸಿಲು ಗಾಜು ದಾಟಿ ಬಂದು ಪರದೆಯನ್ನೇ ಕಾಯಿಸುತ್ತದೆ. ಆ ಬಿಸಿ ಒಳಗೇ ಉಳಿಯಿತು. ಅದೇ ಬಿದಿರಿನ ತಟ್ಟಿ ಅಥವಾ ಗೋಣಿತಟ್ಟನ್ನು ಕಿಟಕಿಯ ಹೊರಗೆ, ಗಾಜಿನಿಂದ ಅರ್ಧ ಅಡಿ ದೂರ ಇಳಿಬಿಡಿ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬದಲಾಯಿಸಿದ್ದಕ್ಕೇ ವ್ಯತ್ಯಾಸ ಕೈಗೆ ತಿಳಿಯುತ್ತದೆ.

ಕಿಟಕಿ ತೆರೆಯುವ ವಿಷಯದಲ್ಲಿ ಜನರ ಅಂದಾಜು ಸಾಮಾನ್ಯವಾಗಿ ತಪ್ಪುತ್ತದೆ. ಎರಡು ಅಗ್ಗದ ಥರ್ಮಾಮೀಟರ್ ತನ್ನಿ, ಒಂದು ಪಡಸಾಲೆಯ ಒಳಗೋಡೆಗೆ, ಇನ್ನೊಂದು ಹೊರಗೆ ನೆರಳಿನಲ್ಲಿ, ಗೋಡೆಗೆ ತಾಗದಂತೆ ತೂಗುಹಾಕಿ. ಹೊರಗಿನದು ಒಳಗಿನದಕ್ಕಿಂತ ಕೆಳಗಿಳಿದಾಗ ಎಲ್ಲ ಕಿಟಕಿ ತೆರೆಯಿರಿ, ಬೆಳಿಗ್ಗೆ ಮೇಲೇರಿದಾಗ ಮುಚ್ಚಿ. ಮೇ ತಿಂಗಳಲ್ಲಿ ಈ ಹೊತ್ತು ಸುಮಾರು ರಾತ್ರಿ ಎಂಟು ಮತ್ತು ಬೆಳಿಗ್ಗೆ ಎಂಟು. ಮಧ್ಯಾಹ್ನ ‘ಗಾಳಿ ಆಡಲಿ’ ಎಂದು ಬಾಗಿಲು ತೆಗೆದಿಡುವುದು ಒಲೆಯ ಬಾಯಿಗೆ ಕೂತಂತೆ. ರಾತ್ರಿ ಮೆಟ್ಟಿಲ ಮೇಲಿನ ಬಾಗಿಲನ್ನೂ ಕೆಳಗಿನ ಕಿಟಕಿಗಳನ್ನೂ ಒಟ್ಟಿಗೆ ತೆರೆದರೆ ಮೆಟ್ಟಿಲ ಕೋಣೆಯೇ ಹೊಗೆಕೊಳವೆಯಾಗಿ ಬಿಸಿಯನ್ನು ಎಳೆದು ಹಾಕುತ್ತದೆ. ಕಳ್ಳಕಾಕರ ಭಯವಿದ್ದರೆ ಅಲ್ಲಿಗೆ ಒಂದು ಗ್ರಿಲ್ ಬಾಗಿಲು ಹಾಕಿಸಿ.  ಸೊಳ್ಳೆ ಜಾಲರಿ ತೊಳೆಯುವುದನ್ನು ಮರೆಯಬೇಡಿ. ಧೂಳು ತುಂಬಿದ ಜಾಲರಿ ಮುಚ್ಚಿದ ಕಿಟಕಿಗಿಂತ ಹೆಚ್ಚೇನಲ್ಲ.

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರು ಆರಿಸುತ್ತದೆ. ಜನರಿಲ್ಲದ ಕೋಣೆಯಲ್ಲಿ ಅದು ತಿರುಗುವುದು ದಂಡ. ಕೋಣೆ 40 ಡಿಗ್ರಿ ದಾಟಿದರೆ ಫ್ಯಾನ್ ಮೈಗೆ ಬಿಸಿಯನ್ನೇ ತುಂಬುತ್ತದೆ. ಆಗ ವಯಸ್ಸಾದವರಿಗೆ ಒದ್ದೆ ಬಟ್ಟೆ, ನೀರು, ಬೇರೆ ತಂಪು ಜಾಗವೇ ಬೇಕು. ಹಳೆಯ ಫ್ಯಾನ್ 75 ವ್ಯಾಟ್ ತಿಂದರೆ ಬಿಎಲ್‌ಡಿಸಿ (ಬ್ರಷ್ ಇಲ್ಲದ ಹೊಸ ಬಗೆಯ ಮೋಟಾರಿನ) ಫ್ಯಾನ್ 30ರ ಸುಮಾರು. ದಿನಕ್ಕೆ 16 ಗಂಟೆ ಲೆಕ್ಕದಲ್ಲಿ ತಿಂಗಳಿಗೆ 21 ಯೂನಿಟ್ ಉಳಿತಾಯ. ಇನ್ವರ್ಟರ್ ಮೇಲೆ ಬಾಳುವ ಮನೆಗಳಿಗೆ ಇದು ಇನ್ನೂ ದೊಡ್ಡ ಲಾಭ.

ಕೂಲರ್: ನಮ್ಮ ಒಣಹವೆಗೆ ಹೇಳಿ ಮಾಡಿಸಿದ್ದು

42 ಡಿಗ್ರಿ, ಆರ್ದ್ರತೆ ಶೇ 20 ಇದ್ದ ದಿನ ಒಳ್ಳೆಯ ಕೂಲರ್ ಬಿಡುವ ಗಾಳಿ 28-29 ಡಿಗ್ರಿ. ಅದೇ ಯಂತ್ರವನ್ನು ಮಂಗಳೂರಿಗೆ ಒಯ್ದು 34 ಡಿಗ್ರಿ, ಶೇ 65 ಆರ್ದ್ರತೆಯಲ್ಲಿ ಹಚ್ಚಿದರೆ 30 ಡಿಗ್ರಿಯ ಒದ್ದೆ ಗಾಳಿ ಬರುತ್ತದೆ, ಬೆಳಗಾಗುವಷ್ಟರಲ್ಲಿ ಹಾಸಿಗೆ ಜಿಗುಟು. ಕರಾವಳಿಯವರು ಕೂಲರ್ ನಿಷ್ಪ್ರಯೋಜಕ ಎನ್ನುವುದೂ, ನಮ್ಮವರು ಅದಿಲ್ಲದೆ ಆಗದು ಎನ್ನುವುದೂ ಎರಡೂ ನಿಜ.

ಗಾತ್ರಕ್ಕೆ ಸುಲಭ ಲೆಕ್ಕ: ಕೋಣೆಯ ಘನ ಅಡಿಯನ್ನು ಎರಡರಿಂದ ಭಾಗಿಸಿ, ಅಷ್ಟು ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಬೇಕು. 12 × 12 × 10 ಅಡಿ ಕೋಣೆಗೆ 720. ಪೆಟ್ಟಿಗೆ ಮೇಲೆ ಗಂಟೆಗೆ ಘನ ಮೀಟರ್ ಎಂದು ಬರೆದಿದ್ದರೆ 1.7ರಿಂದ ಗುಣಿಸಿ, ಸುಮಾರು 1,220. ಕೂಲರ್ ಕಿಟಕಿಯ ಹೊರಗೆ ಕೂತು ಹೊರಗಾಳಿಯನ್ನೇ ಎಳೆಯಬೇಕು, ಎದುರಿನ ಕಿಟಕಿ ಅರ್ಧ ತೆರೆದಿರಬೇಕು. ಕೋಣೆಯ ಮಧ್ಯೆ ಇಟ್ಟು ಬಾಗಿಲು ಮುಚ್ಚಿದರೆ ಅರ್ಧ ಗಂಟೆಗೆಲ್ಲ ಗಾಳಿ ನೀರುಂಡು ಕೂಲರ್ ಬರೀ ಸದ್ದು ಮಾಡುತ್ತದೆ. ‘ನಮ್ಮ ಕೂಲರ್ ತಂಪೇ ಆಗಲ್ಲ’ ಎನ್ನುವವರ ಮನೆಗೆ ಹೋಗಿ ನೋಡಿದರೆ ಹೆಚ್ಚಿನ ಕಡೆ ಇದೇ ಇರುತ್ತದೆ.

ಈ ಗಾತ್ರದ್ದು ಉರಿಬಿಸಿಲಿನಲ್ಲಿ ಗಂಟೆಗೆ ಏಳು-ಏಳೂವರೆ ಲೀಟರ್ ನೀರು ಕುಡಿಯುತ್ತದೆ. ನೀರು ಕಡಿಮೆ ಕುಡಿಯುವ ಕೂಲರ್ ತಂಪನ್ನೂ ಕಡಿಮೆ ಕೊಡುತ್ತಿದೆ ಎಂದೇ ಅರ್ಥ. ತೊಟ್ಟಿಗೆ ಮಂಜುಗಡ್ಡೆ ಹಾಕುವುದು ಸಮಾಧಾನಕ್ಕೆ ಮಾತ್ರ. ಒಂದು ಕೆ.ಜಿ. ಮಂಜುಗಡ್ಡೆ ಕರಗುವಾಗ ಎಳೆಯುವ ಶಾಖ ಒಂದು ಲೀಟರ್ ನೀರು ಆವಿಯಾಗುವಾಗ ಎಳೆಯುವುದರ ಏಳನೇ ಒಂದು ಪಾಲು.

ಕೆಡುವುದು ಪ್ಯಾಡಿನಲ್ಲಿ. ನಮ್ಮ ಬೋರ್ ನೀರು ಗಡಸು. ನೀರು ಹಾರಿ ಸುಣ್ಣ ಉಳಿದು, ಮೇಲಿನ ಪೈಪಿನ ತೂತುಗಳು ಒಂದೊಂದೇ ಕಟ್ಟಿಕೊಳ್ಳುತ್ತವೆ. ಪ್ಯಾಡಿನ ಮೇಲೆ ಒಣ ಪಟ್ಟೆ ಕಂಡಿತೆಂದರೆ ಅಲ್ಲಿಂದ ಬಿಸಿಗಾಳಿ ನೇರ ಒಳಗೆ ಬರುತ್ತಿದೆ. ತೂತುಗಳಿಗೆ ಸೂಜಿ, ಹನಿಕೋಂಬ್ ಪ್ಯಾಡಿಗೆ ಹತ್ತು ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿದ ನೀರಿನಲ್ಲಿ ರಾತ್ರಿಯಿಡೀ ನೆನೆಸುವುದು, ಹುಲ್ಲಿನ ಪ್ಯಾಡಾದರೆ ವರ್ಷವೂ ಬದಲಿಸುವುದು. ಹುಲ್ಲಿನ ಮಧ್ಯೆ ಒಂದು ಹಿಡಿ ಲಾವಂಚ ಸೇರಿಸಿದರೆ ಗಾಳಿಗೆ ಮಣ್ಣು ನೆಂದ ವಾಸನೆ ಬರುತ್ತದೆ. ತಂಪೇನೂ ಹೆಚ್ಚುವುದಿಲ್ಲ, ಮನಸ್ಸಿಗೆ ಹಿತ. ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಗೋಡೆಗಳನ್ನು ತಿಕ್ಕಬೇಕು. ಡೆಂಗಿ ಸೊಳ್ಳೆಯ ಮೊಟ್ಟೆ ಬಲಿತು ಹಾರಲು ಒಂದು ವಾರ-ಹತ್ತು ದಿನ ಸಾಕು, ಮೊಟ್ಟೆ ಅಂಟಿರುವುದು ನೀರಿನ ಅಂಚಿನ ಗೋಡೆಗೇ.

ಇನ್ನೊಂದು, ತಗಡಿನ ಕೂಲರ್ ಮತ್ತು ಒದ್ದೆ ನೆಲ. ಅರ್ಥಿಂಗ್ ಇಲ್ಲದ ಎರಡು ಪಿನ್ನಿನ ವೈರಿನಿಂದ ಪ್ರತಿ ಬೇಸಿಗೆ ಜೀವ ಹೋಗುತ್ತವೆ. ಮೂರು ಪಿನ್, ಪರೀಕ್ಷಿಸಿದ ಅರ್ಥಿಂಗ್, ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಕಡಿಯುವ ಸ್ವಿಚ್) ಇರಲಿ. ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತೇ ತುಂಬಿ.

ಇಷ್ಟರ ನಂತರವೂ ಎ.ಸಿ. ಬೇಕೆನಿಸಿದರೆ ಮಲಗುವ ಒಂದೇ ಕೋಣೆಗೆ ಹಾಕಿ, 26-27ಕ್ಕೆ ಇಟ್ಟು ಫ್ಯಾನ್ ನಿಧಾನಕ್ಕೆ ತಿರುಗಿಸಿ. ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ಕರೆಂಟ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಕೂಲರ್ ಮತ್ತು ಎ.ಸಿ. ಒಂದೇ ಕೋಣೆಯಲ್ಲಿ ಒಟ್ಟಿಗೆ ಬೇಡ. ಒಂದು ಹಾಕಿದ ತೇವವನ್ನು ಇನ್ನೊಂದು ಹಿಂಡುತ್ತ ಕೂರುತ್ತದೆ.

ಜೂನ್‌ನಲ್ಲಿ ಮುಂಗಾರು ಹತ್ತಿರ ಬಂದು ಹೊರಗಿನ ಆರ್ದ್ರತೆ ಶೇ 60 ದಾಟಿದ ದಿನ ಕೂಲರಿನ ಪಂಪ್ ನಿಲ್ಲಿಸಿ, ಬರೀ ಫ್ಯಾನ್ ಇಟ್ಟುಕೊಳ್ಳಿ. ಆಮೇಲೆ ತೊಟ್ಟಿ ಬಸಿದು, ಪ್ಯಾಡುಗಳನ್ನು ಎರಡು ದಿನ ನೆರಳಲ್ಲಿ ಒಣಗಿಸಿ, ಪಂಪಿನ ಜಾಲರಿಯಲ್ಲಿ ಸಿಕ್ಕ ಕೂದಲು-ಕಸ ತೆಗೆದು, ತುಕ್ಕು ಹಿಡಿದ ತಳಕ್ಕೆ ಒಂದು ಕೈ ಬಣ್ಣ ಹೊಡೆಯಿರಿ. ಹುಲ್ಲಿನ ಪ್ಯಾಡುಗಳನ್ನು ಅಟ್ಟದ ಮೇಲೆ ಎಸೆಯಬೇಡಿ, ಇಲಿ ಮರಿ ಹಾಕಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಗೋಣಿಚೀಲದಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕಿ.